ಕೈ ಸ್ಪೈರಲೈಸರ್‌ನಲ್ಲಿ ತರಕಾರಿ ನೂಡಲ್ಸ್: ಎಳೆ ಮುರಿಯದಂತೆ, ನೀರೊಡೆಯದಂತೆ ಮಾಡುವ ಕ್ರಮ

ತರಕಾರಿಯನ್ನೇ ನೂಡಲ್ಸಿನಂತೆ ಉದ್ದನೆಯ ಸುರುಳಿ ಎಳೆಗಳಾಗಿ ಕೊಯ್ಯುವ ಸಾಧನ ಸ್ಪೈರಲೈಸರ್. ಅದರಿಂದ ಮನೆಯಲ್ಲಿ ತರಕಾರಿ ನೂಡಲ್ಸ್ ಮಾಡಲು ಹೊರಟವರು ಹೇಳಿಕೊಳ್ಳುವ ದೂರುಗಳು ಹೆಚ್ಚಾಗಿ ಎರಡೇ. ಒಂದು, ಎಳೆಗಳು ಉದ್ದಕ್ಕೆ ಬಾರದೆ ಚೂರುಚೂರಾಗಿ ಉದುರುತ್ತವೆ. ಇನ್ನೊಂದು, ಬಾಣಲೆಗೆ ಹಾಕಿದ ಐದೇ ನಿಮಿಷದಲ್ಲಿ ತರಕಾರಿ ನೀರು ಬಿಟ್ಟುಕೊಂಡು, ಒಗ್ಗರಣೆ ಮೇಲೆ ತೇಲಿ, ಪಲ್ಯವೂ ಅಲ್ಲದ ಸಾರೂ ಅಲ್ಲದ ಪದಾರ್ಥವೊಂದು ತಟ್ಟೆಗೆ ಬೀಳುತ್ತದೆ. ಮೊದಲನೆಯದಕ್ಕೆ ಕಾರಣ ತರಕಾರಿಯ ಆಯ್ಕೆ ಮತ್ತು ಕೈಯ ಒತ್ತಡ. ಎರಡನೆಯದಕ್ಕೆ ಕಾರಣ ಕೆಲಸಗಳನ್ನು ಹಿಂದುಮುಂದಾಗಿ ಮಾಡುವುದು.

ಸೌತೆಯಂತೆ ಕಾಣುವ ಝುಕಿನಿ ಎಂಬ ಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಇರುತ್ತದೆ. ಸೌತೆ, ಸೋರೆ, ಮೂಲಂಗಿಗಳದೂ ಹೆಚ್ಚುಕಡಿಮೆ ಅದೇ ಲೆಕ್ಕ. ಗೋಧಿಯ ನೂಡಲ್ಸ್ ಬೇಯುವಾಗ ನೀರನ್ನು ಹೀರಿಕೊಳ್ಳುತ್ತದೆ, ತರಕಾರಿಯ ಎಳೆ ಬೇಯುವಾಗ ತನ್ನೊಳಗಿನ ನೀರನ್ನು ಹೊರಕ್ಕೆ ಬಿಡುತ್ತದೆ. ಆದ್ದರಿಂದ ಒಂದರ ವಿಧಾನ ಇನ್ನೊಂದಕ್ಕೆ ಸಲ್ಲುವುದಿಲ್ಲ. ಹೇಗಿದ್ದರೂ ಹೊರಬರಲೇಬೇಕಾದ ಆ ನೀರು ಬಾಣಲೆಯಲ್ಲಿ ಬರುವ ಬದಲು, ಒಲೆ ಹಚ್ಚುವುದಕ್ಕೆ ಮೊದಲೇ ಒಂದು ಪಾತ್ರೆಯೊಳಕ್ಕೆ ಇಳಿದುಹೋಗುವಂತೆ ಮಾಡುವುದೇ ಇಡೀ ಕೆಲಸದ ಗುಟ್ಟು. ಕೆಳಗಿನ ಹಂತಗಳನ್ನು ಇದೇ ಉದ್ದೇಶದಿಂದ ಜೋಡಿಸಲಾಗಿದೆ. ಅವುಗಳ ಕ್ರಮವನ್ನು ಬದಲಿಸಬಾರದು.

ಅಳತೆಗಳನ್ನು ಇಬ್ಬರಿಗೆ ಸಾಕಾಗುವಂತೆ, ಅರ್ಧ ಕೆ.ಜಿ. ಝುಕಿನಿಯ ಲೆಕ್ಕದಲ್ಲಿ ಕೊಡಲಾಗಿದೆ. ಬೇರೆ ತರಕಾರಿಗಳಿಗೆ ಏನು ಬದಲಾಗಬೇಕೆಂಬುದನ್ನು ಆಯಾ ಹಂತದಲ್ಲೇ ಹೇಳಲಾಗಿದೆ.

ಮೊದಲು ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಕೈಯಲ್ಲಿ ಹಿಡಿಯುವ ಸ್ಪೈರಲೈಸರ್ ಕೆಲಸ ಮಾಡುವುದು ಮಕ್ಕಳ ಪೆನ್ಸಿಲ್ ಮೆಂಡರಿನಂತೆಯೇ: ಒಳಗಿನ ಬ್ಲೇಡು ನಿಂತಲ್ಲೇ ನಿಂತಿರುತ್ತದೆ, ತರಕಾರಿ ತಿರುಗುತ್ತದೆ. ಕೆಲವಕ್ಕೆ ಒಂದೇ ಬಾಯಿ ಇರುತ್ತದೆ. ಕೆಲವಕ್ಕೆ ಎರಡು ಬಾಯಿಗಳಿದ್ದು, ಒಂದರಲ್ಲಿ ಸಣ್ಣ ಎಳೆ, ಇನ್ನೊಂದರಲ್ಲಿ ದಪ್ಪ ಎಳೆ ಬರುತ್ತದೆ. ಇದರ ಜೊತೆಯಲ್ಲಿ ಮುಳ್ಳುಗಳಿರುವ ಒಂದು ಮುಚ್ಚಳ ಬರುತ್ತದೆ. ತರಕಾರಿಯ ಕೊನೆಯ ತುಂಡನ್ನು ಚುಚ್ಚಿ ಹಿಡಿಯಲು ಕೊಟ್ಟಿರುವ ಈ ಮುಚ್ಚಳವನ್ನು ಹಲವರು ಡಬ್ಬಿಯಲ್ಲೇ ಬಿಟ್ಟುಬಿಡುತ್ತಾರೆ, ಆಮೇಲೆ ಬೆರಳು ಕೊಯ್ದುಕೊಳ್ಳುತ್ತಾರೆ. ಅದನ್ನು ಮೊದಲೇ ಹೊರತೆಗೆದು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು.

ಉಳಿದಂತೆ ಬೇಕಾಗುವುದು ಹರಿತವಾದ ಚಾಕು, ಮಣೆ, ತೂತಿನ ಬಟ್ಟಲು, ಅದರ ಕೆಳಗಿಡಲು ಇನ್ನೊಂದು ಪಾತ್ರೆ, ಅಡುಗೆಮನೆಯ ಕತ್ತರಿ, ಒಗೆದು ಒಣಗಿಸಿದ ಹಳೆಯ ಹತ್ತಿ ಪಂಚೆಯ ತುಂಡು ಮತ್ತು ಅಗಲವಾದ ಬಾಣಲೆ. ಬಾಣಲೆಯ ಅಗಲದ ವಿಷಯದಲ್ಲಿ ರಾಜಿ ಬೇಡ. ಕಿರಿದಾದ, ಆಳವಾದ ಪಾತ್ರೆಯಲ್ಲಿ ಎಳೆಗಳು ಒಂದರ ಮೇಲೊಂದು ಬಿದ್ದು ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ. ಒಬ್ಬರ ಪಾಲಿನ ಎಳೆ ತೆಳ್ಳಗೆ ಹರಡಿಕೊಳ್ಳುವಷ್ಟು, ಎಂದರೆ ಸುಮಾರು 28 ಸೆಂ.ಮೀ. ಅಗಲವಿರುವ ಬಾಣಲೆ ಸರಿಹೋಗುತ್ತದೆ.

ಹಂತ 1: ಸಾಧನದ ಬಾಯಿಗೆ ಒಪ್ಪುವ ತರಕಾರಿಯನ್ನು ಆರಿಸುವುದು

ತರಕಾರಿ ತರುವುದಕ್ಕೆ ಮೊದಲು ನಿಮ್ಮ ಸ್ಪೈರಲೈಸರಿನ ಬಾಯಿಯನ್ನು ಅಳತೆಪಟ್ಟಿಯಿಂದ ಅಳೆದುಕೊಳ್ಳಿ. ತರಕಾರಿಯ ದಪ್ಪ ಅದಕ್ಕಿಂತ ಸ್ವಲ್ಪವೇ ಕಡಿಮೆ ಇರಬೇಕು. ಬಾಯಿ 5 ಸೆಂ.ಮೀ. ಇದ್ದರೆ ತರಕಾರಿ 4 ಸೆಂ.ಮೀ. ಆಸುಪಾಸಿನಲ್ಲಿರಲಿ. ತೀರ ಸಣ್ಣದಾದರೆ ತರಕಾರಿ ಒಳಗೆ ಅತ್ತಿತ್ತ ಓಲಾಡಿ ಅರ್ಧಚಂದ್ರದ ಆಕಾರದ ಚೂರುಗಳು ಬರುತ್ತವೆ. ದಪ್ಪವಾದರೆ ತುರುಕಬೇಕಾಗುತ್ತದೆ, ತುರುಕಿದಾಗ ಸಿಪ್ಪೆ ಜಜ್ಜಿ ಒಲೆಗೆ ಹೋಗುವ ಮೊದಲೇ ರಸ ಒಸರುತ್ತದೆ.

ಮೊದಲ ಸಲ ಮಾಡುವವರಿಗೆ ಝುಕಿನಿಯೇ ಸರಿ. ನೇರವಾಗಿರುವ, ಬೆರಳಿನಿಂದ ಒತ್ತಿದರೆ ತಗ್ಗದ, 15ರಿಂದ 18 ಸೆಂ.ಮೀ. ಉದ್ದದ ಎಳೆಯ ಕಾಯಿಗಳನ್ನು ಹುಡುಕಬೇಕು. ಬಲಿತ ದೊಡ್ಡ ಕಾಯಿ ತೂಕಕ್ಕೆ ಲಾಭವೆನಿಸಿದರೂ ಅದರ ನಡುಭಾಗ ಬೀಜ ಮತ್ತು ಸ್ಪಂಜಿನಂಥ ತಿರುಳಿನಿಂದ ತುಂಬಿರುತ್ತದೆ. ಬ್ಲೇಡು ಅಲ್ಲಿಗೆ ತಲುಪಿದ ಕೂಡಲೇ ಎಳೆ ತುಂಡಾಗುತ್ತದೆ. ಬೆಂಗಳೂರು, ಮೈಸೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಹಸಿರು ಮತ್ತು ಹಳದಿ ಎರಡೂ ಬಣ್ಣದ ಝುಕಿನಿ ಸಿಗುತ್ತದೆ, ಎರಡರ ಗುಣವೂ ಒಂದೇ. ಬ್ರಿಟನ್ನಿನಲ್ಲಿರುವವರು ಅಂಗಡಿಯಲ್ಲಿ ಕೊರ್ಜೆಟ್ ಎಂಬ ಹೆಸರಿನಲ್ಲಿ ಕೇಳಬೇಕು.

ಝುಕಿನಿ ಸಿಗದ ಊರಿನಲ್ಲಿ ಎಳೆಯ, ಸಣಕಲು ಸೋರೆಕಾಯಿಯಿಂದ ಮಾಡಿದ ಎಳೆ ಬಹಳ ಚೆನ್ನಾಗಿರುತ್ತದೆ. ಉಗುರು ಸುಲಭವಾಗಿ ಇಳಿಯುವಷ್ಟು ಎಳೆಯದಾಗಿರಬೇಕು, ಅಷ್ಟೆ. ಸೌತೆಕಾಯಿಯನ್ನು ಹಸಿಯಾಗಿ ತಿನ್ನಲು ಮಾತ್ರ ಬಳಸಬೇಕು. ಬಿಳಿ ಮೂಲಂಗಿ ಉದ್ದಕ್ಕೂ ಒಂದೇ ದಪ್ಪವಿರುವುದರಿಂದ ಈ ಸಾಧನಕ್ಕೆ ಹೇಳಿ ಮಾಡಿಸಿದಂತಿದೆ. ಕ್ಯಾರೆಟ್ಟಿನಲ್ಲಿ ಊಟಿ ಕ್ಯಾರೆಟ್ಟಿನ ದಪ್ಪ ಗಡ್ಡೆಗಳನ್ನು ಆರಿಸಿಕೊಳ್ಳಿ. ಚಳಿಗಾಲದಲ್ಲಿ ಬರುವ ಕೆಂಪು ದೆಹಲಿ ಕ್ಯಾರೆಟ್ ತುದಿಗೆ ಹೋದಂತೆ ಚೂಪಾಗುವುದರಿಂದ ಅರ್ಧದಷ್ಟು ವ್ಯರ್ಥವಾಗುತ್ತದೆ. ಗೆಣಸು ಬರುತ್ತದೆ, ಆದರೆ ಕೈಗೆ ಬಲ ಬೇಕು.

ನವಿಲುಕೋಸು, ಸೀಮೆಬದನೆ, ಬೀಟ್‌ರೂಟ್‌ಗಳ ರುಚಿ ಈ ಅಡುಗೆಗೆ ಒಪ್ಪುತ್ತದೆಯಾದರೂ ಅವು ಕೈ ಸಾಧನದ ಬಾಯಿಗೆ ಅಗಲ. ಚಾಕುವಿನಿಂದ ಕೆತ್ತಿ ಉದ್ದನೆಯ ಗುಂಡು ತುಂಡುಗಳನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ಅಷ್ಟು ಶ್ರಮಪಡುವುದಕ್ಕಿಂತ ಅವನ್ನು ಹಿಡಿಯಿರುವ ಮೇಜಿನ ಯಂತ್ರಕ್ಕೆ ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೀರೆಕಾಯಿ, ಪಡವಲಕಾಯಿ, ಬದನೆಕಾಯಿಗಳನ್ನು ಪ್ರಯತ್ನಿಸಲೇಬೇಡಿ. ಪಡವಲಕಾಯಿ ಒಳಗೆ ಟೊಳ್ಳು, ಉಳಿದೆರಡರ ತಿರುಳು ಬ್ಲೇಡಿಗೆ ನಿಲ್ಲುವುದಿಲ್ಲ.

ಕಡ್ಡಾಯವಾದ ಒಂದು ಪರೀಕ್ಷೆ

ಝುಕಿನಿ, ಸೋರೆಕಾಯಿ, ಸೌತೆಕಾಯಿ ಮೂರೂ ಒಂದೇ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥ ಹೆಚ್ಚಾಗಿ ಸೇರಿಕೊಂಡಿರುತ್ತದೆ. ಅದು ವಾಂತಿ, ಭೇದಿಗಳನ್ನು ತರುತ್ತದೆ. ಕಹಿ ಸೋರೆಕಾಯಿಯ ರಸ ಕುಡಿದು ಜೀವ ಹೋದ ಪ್ರಕರಣಗಳೂ ನಮ್ಮ ದೇಶದಲ್ಲಿ ನಡೆದಿವೆ. ಆದ್ದರಿಂದ ಪ್ರತಿಯೊಂದು ಕಾಯಿಯ ತೊಟ್ಟಿನ ಕಡೆಯಿಂದ ಒಂದು ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ, ಕಹಿಯೆನಿಸಿದರೆ ಉಗುಳಿ ಬಾಯಿ ಮುಕ್ಕಳಿಸಿ, ಆ ಕಾಯಿಯನ್ನು ಪೂರ್ತಿ ಎಸೆಯಬೇಕು. ಬೇಯಿಸಿದರೆ, ಉಪ್ಪು ಹಾಕಿ ತೊಳೆದರೆ ಕಹಿಯ ದೋಷ ಹೋಗುತ್ತದೆ ಎಂದು ನಂಬಬಾರದು. ಒಂದು ಕಾಯಿ ಸಿಹಿಯಾಗಿದೆಯೆಂದು ಅದೇ ಚೀಲದ ಇನ್ನೊಂದನ್ನು ಪರೀಕ್ಷಿಸದೆ ಬಿಡಲೂಬಾರದು.

ಹಂತ 2: ತುದಿಗಳನ್ನು ಸಮನಾಗಿ ಕತ್ತರಿಸುವುದು

ತರಕಾರಿಯನ್ನು ತೊಳೆದು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆಯಾಗಿದ್ದರೆ ಹಿಡಿತ ಜಾರುತ್ತದೆ. ಝುಕಿನಿಗೂ ಎಳೆಯ ಸೌತೆಗೂ ಸಿಪ್ಪೆ ತೆಗೆಯಬೇಕಾಗಿಲ್ಲ. ಸಿಪ್ಪೆಯಿದ್ದರೆ ಎಳೆಯ ಅಂಚು ಬಿಗಿಯಾಗಿ ಉಳಿಯುತ್ತದೆ. ಸೋರೆ, ಕ್ಯಾರೆಟ್, ಮೂಲಂಗಿ, ಗೆಣಸುಗಳ ಸಿಪ್ಪೆಯನ್ನು ಹೆರೆಯಬೇಕು.

ಎರಡೂ ತುದಿಗಳನ್ನು ಚಾಕುವಿನಿಂದ ಓರೆಯಾಗದಂತೆ, ನೇರವಾಗಿ ಕತ್ತರಿಸಿ. ಮುಂದಿನ ತುದಿ ಓರೆಯಾಗಿದ್ದರೆ ಬ್ಲೇಡು ಒಂದು ಬದಿಯನ್ನು ಮಾತ್ರ ಹಿಡಿದು, ತರಕಾರಿ ನಡುವಿನಿಂದ ಸರಿದುಹೋಗುತ್ತದೆ. ಒಮ್ಮೆ ಸರಿದ ಮೇಲೆ ಎಷ್ಟು ತಿರುಗಿಸಿದರೂ ಉದ್ದ ಎಳೆ ಬರುವುದಿಲ್ಲ. ಹೊರತೆಗೆದು ಆ ತುದಿಯನ್ನು ಮತ್ತೆ ಸಮ ಮಾಡಿಕೊಳ್ಳುವುದೊಂದೇ ದಾರಿ. ಬಾಗಿದ ಕಾಯಿಯಾದರೆ ಬಾಗಿದಲ್ಲೇ ಎರಡು ತುಂಡು ಮಾಡಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ತಿರುಗಿಸಬೇಕು. ಆದರೆ ತುಂಡು 7 ಸೆಂ.ಮೀ.ಗಿಂತ ಗಿಡ್ಡವಾದರೆ ಹಿಡಿಯಲು ಜಾಗ ಉಳಿಯುವುದಿಲ್ಲ.

ಕ್ಯಾರೆಟ್ ಅಥವಾ ಮೂಲಂಗಿ ಬಾಡಿ ಬಳುಕುವಂತಿದ್ದರೆ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಗಡುಸಾದ ಮೇಲೆ ಒರೆಸಿ ಬಳಸಬಹುದು. ಬಾಡಿದ ಝುಕಿನಿಗೆ ಈ ಉಪಾಯ ಅಷ್ಟಾಗಿ ಫಲಿಸದು. ಅದನ್ನು ಹುಳಿಗೋ ಪಲ್ಯಕ್ಕೋ ಹಾಕುವುದು ಲೇಸು.

ಹಂತ 3: ತಿರುಗಿಸುವುದು

ಎಡಗೈಯಲ್ಲಿ ಸಾಧನವನ್ನು ಮಣೆಯ ಮೇಲೆ ಅಡ್ಡಲಾಗಿ ಊರಿ ಹಿಡಿಯಿರಿ, ಬಲಗೈಯಲ್ಲಿ ತರಕಾರಿಯನ್ನು ಬಾಯಿಗೆ ನೇರವಾಗಿ ಸೇರಿಸಿ. ಎಡಚರು ಕೈಗಳನ್ನು ಅದಲುಬದಲು ಮಾಡಿಕೊಳ್ಳಬಹುದು, ಆದರೆ ತಿರುಗಿಸುವ ದಿಕ್ಕು ಬದಲಾಗುವುದಿಲ್ಲ. ಆ ದಿಕ್ಕು ಹೆಚ್ಚಿನ ಸಾಧನಗಳಲ್ಲಿ ಗಡಿಯಾರದ ಮುಳ್ಳು ಸುತ್ತುವ ಕಡೆಗೆ ಇರುತ್ತದೆ. ಅನುಮಾನವಿದ್ದರೆ ಬ್ಲೇಡಿನ ಹರಿತವಾದ ಅಂಚು ಯಾವ ಕಡೆಗೆ ಮುಖಮಾಡಿದೆಯೆಂದು ನೋಡಿಕೊಂಡು, ಆ ಅಂಚಿಗೆ ಎದುರಾಗಿ ತರಕಾರಿ ಬರುವಂತೆ ತಿರುಗಿಸಿ.

ಒತ್ತಡದ ವಿಷಯದಲ್ಲೇ ಹೆಚ್ಚು ಜನ ತಪ್ಪುವುದು. ತರಕಾರಿಯನ್ನು ಒಳಕ್ಕೆ ತಳ್ಳಿದಷ್ಟೂ ಬೇಗ ಆಗುತ್ತದೆ ಎಂದು ಬಲ ಹಾಕಿದರೆ ಬ್ಲೇಡು ಆಳಕ್ಕೆ ಕಚ್ಚಿಕೊಂಡು ನಿಂತುಬಿಡುತ್ತದೆ, ಇಲ್ಲವೇ ಎಳೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳುವಾಗಿ ಬರುತ್ತದೆ. ದಪ್ಪ ಎಳೆ ಬೇಯುವಷ್ಟರಲ್ಲಿ ತೆಳುವಾದದ್ದು ಕರಗಿಹೋಗುತ್ತದೆ. ತಳ್ಳಬೇಡಿ, ತಿರುಗಿಸಿ. ಬ್ಲೇಡು ತರಕಾರಿಯನ್ನು ಒಮ್ಮೆ ಹಿಡಿಯಿತೆಂದರೆ ಅದೇ ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಕೈ ಮಾಡಬೇಕಾದದ್ದು ತರಕಾರಿ ಓರೆಯಾಗದಂತೆ ನೋಡಿಕೊಳ್ಳುವುದು ಮತ್ತು ತಿರುಗುವಿಕೆ ಮಧ್ಯದಲ್ಲಿ ನಿಲ್ಲದಂತೆ ನಡೆಸುವುದು, ಇಷ್ಟೇ.

ಸರಿಯಾಗಿ ನಡೆಯುತ್ತಿರುವಾಗ ಝುಕಿನಿಯಿಂದ ಸಣ್ಣಗೆ ಸರಸರ ಎನ್ನುವ ಒಂದೇ ಸಮನಾದ ಸದ್ದು ಬರುತ್ತಿರುತ್ತದೆ, ಒಂದು ಅಂಚಿನಲ್ಲಿ ಹಸಿರು ಗೆರೆಯಿರುವ ಎಳೆ ಸುರುಳಿ ಸುರುಳಿಯಾಗಿ ಇಳಿದು ಮಣೆಯ ಮೇಲೆ ಗುಂಪಾಗುತ್ತದೆ. ಸದ್ದು ತಟಕ್ಕನೆ ಕಟಕಟ ಎಂದು ಬದಲಾದರೆ ಅಥವಾ ಎಳೆಯ ಒಂದು ಅಂಚು ಗರಗಸದಂತೆ ಹರಿದು ಬರತೊಡಗಿದರೆ ಅಲ್ಲೇ ನಿಲ್ಲಿಸಿ. ಬ್ಲೇಡಿಗೆ ಸಿಪ್ಪೆಯ ನಾರು ಸಿಕ್ಕಿಕೊಂಡಿರುತ್ತದೆ, ಇಲ್ಲವೇ ತರಕಾರಿ ನಡುವಿನಿಂದ ಸರಿದಿರುತ್ತದೆ. ತರಕಾರಿಯನ್ನು ಹಿಂದಕ್ಕೆ ತಿರುಗಿಸಿ ಹೊರತೆಗೆದು, ಹಳೆಯ ಟೂತ್‌ಬ್ರಶ್‌ನಿಂದ ನಾರನ್ನು ತೆಗೆದು, ಮತ್ತೆ ಶುರುಮಾಡಬೇಕು. ಬೆರಳು ಹಾಕಿ ನಾರನ್ನು ಕೀಳಲು ಹೋಗಬಾರದು.

ತರಕಾರಿ ಸುಮಾರು 5 ಸೆಂ.ಮೀ. ಉಳಿದಾಗ ಕೈ ತೆಗೆದು, ಆ ತುಂಡಿಗೆ ಮುಳ್ಳಿನ ಮುಚ್ಚಳವನ್ನು ಚುಚ್ಚಿ ಮುಂದುವರಿಸಿ. ಕೊನೆಗೆ ಶಂಕುವಿನಾಕಾರದ ಒಂದು ತುಣುಕು ಉಳಿದೇ ಉಳಿಯುತ್ತದೆ. ಅದನ್ನೂ ಎಳೆಯಾಗಿಸಬೇಕೆಂಬ ಹಟದಲ್ಲಿಯೇ ಹೆಚ್ಚಿನ ಗಾಯಗಳಾಗುವುದು. ಅದನ್ನು ಹೆಚ್ಚಿ ಸಾಂಬಾರಿಗೋ ಕೋಸಂಬರಿಗೋ ಹಾಕಿದರೆ ಏನೂ ವ್ಯರ್ಥವಾಗುವುದಿಲ್ಲ.

ಬಂದ ಎಳೆಗಳು ಕೆಲವೊಮ್ಮೆ ಒಂದೊಂದು ಮೀಟರಿಗೂ ಹೆಚ್ಚು ಉದ್ದವಿರುತ್ತವೆ. ಹಾಗೆಯೇ ಬಿಟ್ಟರೆ ಬಾಣಲೆಯಲ್ಲಿ ಒಂದೇ ಗಂಟಾಗಿ ಒಗ್ಗರಣೆ ಒಳಗೆ ಇಳಿಯುವುದಿಲ್ಲ, ತಿನ್ನುವುದೂ ಕಷ್ಟ. ಗುಂಪನ್ನು ಎತ್ತಿ ಹಿಡಿದು ಕತ್ತರಿಯಿಂದ ಒಂದು ಗೇಣು ಉದ್ದಕ್ಕೆ ಕತ್ತರಿಸಿಕೊಳ್ಳಿ.

ಹಂತ 4: ನೀರನ್ನು ಇಳಿಸುವುದು

ಇದು ಬಹುಮಂದಿ ಬಿಟ್ಟುಬಿಡುವ ಹಂತ, ಅಡುಗೆ ಕೆಡುವುದೂ ಬಹುತೇಕ ಇಲ್ಲಿಯೇ. ತೂತಿನ ಬಟ್ಟಲನ್ನು ಪಾತ್ರೆಯ ಮೇಲಿಟ್ಟು, ಎಳೆಗಳನ್ನು ಅದರಲ್ಲಿ ಹರಡಿ, ಅರ್ಧ ಟೀ ಚಮಚ ಪುಡಿ ಉಪ್ಪನ್ನು ಎಲ್ಲ ಕಡೆಗೂ ಬೀಳುವಂತೆ ಉದುರಿಸಿ, ಬೆರಳ ತುದಿಯಿಂದ ಹಗುರವಾಗಿ ಕೈಯಾಡಿಸಿ. ಕಲ್ಲುಪ್ಪು ಬೇಡ, ಅದು ಅಲ್ಲಲ್ಲಿ ಮಾತ್ರ ತಾಗುತ್ತದೆ. 20 ನಿಮಿಷ ಹಾಗೆಯೇ ಬಿಡಿ. ಉಪ್ಪು ತರಕಾರಿಯ ಜೀವಕೋಶಗಳೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಅರ್ಧ ಕೆ.ಜಿ. ಝುಕಿನಿಯಿಂದ ಕಾಲು ಲೋಟದಷ್ಟು ನೀರು ಕೆಳಗಿನ ಪಾತ್ರೆಗೆ ಇಳಿಯುವುದು ಸಾಮಾನ್ಯ. ಇಷ್ಟು ನೀರೂ ಬಾಣಲೆಯಲ್ಲಿ ಸೇರಿಕೊಂಡಿದ್ದರೆ ಏನಾಗುತ್ತಿತ್ತೆಂಬುದು ಆ ಪಾತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಈಗ ಎಳೆಗಳನ್ನು ಒಂದೊಂದು ಹಿಡಿಯಂತೆ ಬಟ್ಟೆಯಲ್ಲಿಟ್ಟು, ಬಟ್ಟೆಯನ್ನು ಸುತ್ತಿ ಮೆಲ್ಲಗೆ ಹಿಂಡಿ. ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಿದರೆ ಎಳೆಗಳು ಮುದ್ದೆಯಾಗುತ್ತವೆ. ಅಂಗೈಗಳ ನಡುವೆ ಒತ್ತಿದರೆ ಸಾಕು. ಹಿಂಡಿದ ಎಳೆಯನ್ನು ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಕೈಗೆ ನೀರು ಹತ್ತಬಾರದು. ಹದಕ್ಕೆ ಬಂದಿದೆ ಎನ್ನಲು ಇದೇ ಗುರುತು. ಕೊನೆಗೆ ಒಣಗಿದ ಇನ್ನೊಂದು ಬಟ್ಟೆಯ ಮೇಲೆ ಹರಡಿ, ಬೆರಳಿನಿಂದ ಬಿಡಿಬಿಡಿಯಾಗಿ ಸಡಿಲಿಸಿಡಿ.

ಎಳೆಗಳಲ್ಲಿ ಸ್ವಲ್ಪ ಉಪ್ಪು ಉಳಿದಿರುತ್ತದೆ, ಆದ್ದರಿಂದ ಒಗ್ಗರಣೆಗೆ ಬೇರೆ ಉಪ್ಪು ಹಾಕುವ ಮೊದಲು ಒಂದು ಎಳೆಯನ್ನು ರುಚಿ ನೋಡಬೇಕು. ರಕ್ತದೊತ್ತಡದ ಕಾರಣಕ್ಕೆ ಉಪ್ಪು ಕಡಿಮೆ ತಿನ್ನುವವರು ಹಿಂಡುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಜಾಲಾಡಿಸಿ ಆಮೇಲೆ ಹಿಂಡಿಕೊಳ್ಳಬಹುದು.

ಸೋರೆಕಾಯಿಗೂ ಇದೇ ಕ್ರಮ. ಮೂಲಂಗಿಗೆ ಉಪ್ಪು ಹಾಕಿ ಹಿಂಡುವುದರಿಂದ ನೀರಿನೊಂದಿಗೆ ಅದರ ಘಾಟೂ ಇಳಿಯುತ್ತದೆ. ಸೌತೆಕಾಯಿಗೆ 10 ನಿಮಿಷ ಸಾಕು. ಕ್ಯಾರೆಟ್ ಮತ್ತು ಗೆಣಸಿಗೆ ಉಪ್ಪಿನ ಹಂತ ಬೇಕಿಲ್ಲ.

ಹಂತ 5: ಒಗ್ಗರಣೆಯನ್ನು ಮೊದಲು ಮುಗಿಸುವುದು

ಎಳೆ ಬಾಣಲೆಯಲ್ಲಿರುವುದು ಒಂದೆರಡು ನಿಮಿಷ ಮಾತ್ರ. ಈರುಳ್ಳಿ ಬಾಡಬೇಕು, ಟೊಮೆಟೊ ಕರಗಬೇಕು, ಹಸಿ ವಾಸನೆ ಹೋಗಬೇಕು ಎಂಬ ಕೆಲಸಗಳೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು. ಎಳೆ ಹಾಕಿದ ಮೇಲೆ ಹಸಿಮೆಣಸಿನಕಾಯಿ ಹೆಚ್ಚುತ್ತಾ ನಿಂತರೆ ಹಿಂದಿನ ಹಂತದ ಶ್ರಮವೆಲ್ಲ ನೀರಿನ ಪಾಲು.

ನಮ್ಮ ರುಚಿಗೆ ಒಗ್ಗುವ ಒಂದು ಬಗೆ ಹೀಗಿದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಒಂದು ಚಮಚ ಉದ್ದಿನಬೇಳೆ, ಒಂದು ಹಿಡಿ ಕಡಲೆಬೀಜ, ಎರಡು ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು ಮತ್ತು ಅರಿಶಿನ ಹಾಕಿ ಹುರಿದು, ಈ ಒಗ್ಗರಣೆಯನ್ನು ಒಂದು ಬಟ್ಟಲಿಗೆ ತೆಗೆದಿಡಿ. ನಿಂಬೆರಸ, ತೆಂಗಿನತುರಿ, ಕೊತ್ತಂಬರಿಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅವು ಒಲೆಯಿಂದ ಇಳಿಸಿದ ಮೇಲೆ ಸೇರಬೇಕಾದವು. ಟೊಮೆಟೊ ಗೊಜ್ಜಿನಲ್ಲಿ ಕಲಸುವುದಾದರೆ ಅದು ಸೌಟಿನಿಂದ ಜಾರದಷ್ಟು ಗಟ್ಟಿಯಾಗಿರಲಿ. ಎಷ್ಟೇ ಹಿಂಡಿದ್ದರೂ ಎಳೆ ಇನ್ನೊಂದಿಷ್ಟು ನೀರು ಬಿಡುತ್ತದೆ, ಗೊಜ್ಜು ಅದನ್ನು ತಾಳಿಕೊಳ್ಳಬೇಕು.

ಹಂತ 6: ದೊಡ್ಡ ಉರಿಯಲ್ಲಿ, ಸ್ವಲ್ಪವೇ ಹೊತ್ತು

ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಸವರಿ, ಒಬ್ಬರ ಪಾಲಿನಷ್ಟು ಎಳೆಗಳನ್ನು ಮಾತ್ರ ಹಾಕಿ. ಹಾಕಿದ ಕೂಡಲೇ ಚುರ್ರೆಂದು ಸದ್ದಾಗಬೇಕು. ಸದ್ದು ಬಾರದಿದ್ದರೆ ಬಾಣಲೆ ಕಾದಿಲ್ಲ. ಸದ್ದು ಬಂದು ಅರ್ಧ ನಿಮಿಷದಲ್ಲೇ ಅಡಗಿ ಗುಳುಗುಳು ಎನ್ನತೊಡಗಿದರೆ ನೀರು ಒಡೆದಿದೆ, ಎಳೆ ಹೆಚ್ಚಾಗಿದೆ ಎಂದರ್ಥ. ಅರ್ಧವನ್ನು ತಕ್ಷಣ ತಟ್ಟೆಗೆ ತೆಗೆದಿಡಿ.

ಮುಚ್ಚಳ ಮುಚ್ಚಲೇಬಾರದು. ಸೌಟಿನಿಂದ ಕಲಕುವ ಬದಲು ಎರಡು ಫೋರ್ಕುಗಳಿಂದ ಕೆಳಗಿನದನ್ನು ಮೇಲಕ್ಕೆ ಎತ್ತಿ ಹಾಕುತ್ತಿರಿ. ಝುಕಿನಿ ಒಂದೂವರೆಯಿಂದ ಎರಡು ನಿಮಿಷ, ಸೋರೆಕಾಯಿ ಮತ್ತು ಮೂಲಂಗಿ ಮೂರು ನಿಮಿಷ, ಕ್ಯಾರೆಟ್ ನಾಲ್ಕು ನಿಮಿಷ ತೆಗೆದುಕೊಳ್ಳುತ್ತವೆ. ಗೆಣಸಿಗೆ ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಬೇಕು. ಅದಕ್ಕೆ ಮಾತ್ರ ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಬಹುದು.

ಎಳೆಯ ಬಿಳುಪು ಹೋಗಿ ಅಂಚು ತುಸು ಪಾರದರ್ಶಕವಾದರೂ ಹಲ್ಲಿಗೆ ಇನ್ನೂ ಬಿಗಿಯಾಗಿ ಸಿಗುತ್ತಿರುವಾಗಲೇ ಒಲೆ ಆರಿಸಬೇಕು. ಪೂರ್ತಿ ಬೆಂದಿದೆ ಅನ್ನಿಸಿದ ಮೇಲೆ ಇಳಿಸಿದರೆ ತಡವಾಯಿತು, ಏಕೆಂದರೆ ಬಾಣಲೆಯ ಕಾವು ಅದನ್ನು ಇನ್ನೂ ಬೇಯಿಸುತ್ತಲೇ ಇರುತ್ತದೆ. ತಟ್ಟೆಗೆ ತೆಗೆದು, ಇನ್ನೊಬ್ಬರ ಪಾಲನ್ನೂ ಹೀಗೆಯೇ ಮಾಡಿಕೊಂಡು, ಎಲ್ಲವನ್ನೂ ಒಟ್ಟುಗೂಡಿಸಿ ಒಗ್ಗರಣೆ ಬೆರೆಸಿ, ಕಡೆಗೆ ನಿಂಬೆರಸ ಮತ್ತು ತೆಂಗಿನತುರಿ ಸೇರಿಸಿ ಆಗಲೇ ಬಡಿಸಬೇಕು. ಕಲಸಿ ಅರ್ಧ ಗಂಟೆ ಇಟ್ಟ ತರಕಾರಿ ನೂಡಲ್ಸ್ ಯಾರ ಕೈಯಲ್ಲೂ ಚೆನ್ನಾಗಿರುವುದಿಲ್ಲ. ಡಬ್ಬಿ ಊಟಕ್ಕೆ ಇದನ್ನು ಕಟ್ಟುವುದಾದರೆ ಹಿಂಡಿದ ಹಸಿ ಸೌತೆ ಅಥವಾ ಕ್ಯಾರೆಟ್ ಎಳೆಗಳನ್ನು ಒಂದು ಡಬ್ಬಿಯಲ್ಲೂ ಆರಿದ ಒಗ್ಗರಣೆಯನ್ನು ಇನ್ನೊಂದರಲ್ಲೂ ಹಾಕಿ, ತಿನ್ನುವಾಗ ಕಲಸಿಕೊಳ್ಳುವುದು ಸೂಕ್ತ.

ನಡುವೆ ಕೆಟ್ಟರೆ ಮಾಡಬಹುದಾದದ್ದು

ಬಾಣಲೆಯಲ್ಲಿ ನೀರು ನಿಂತುಬಿಟ್ಟರೆ ಉರಿ ಹೆಚ್ಚಿಸಿ ಇಂಗಿಸಲು ಹೋಗಬೇಡಿ. ಅಷ್ಟರಲ್ಲಿ ಎಳೆ ಕರಗುತ್ತದೆ. ಎಲ್ಲವನ್ನೂ ತೂತಿನ ಬಟ್ಟಲಿಗೆ ಸುರಿದು ನೀರು ಬಸಿದು, ಬಾಣಲೆಯನ್ನು ಒರೆಸಿ, ಒಗ್ಗರಣೆಯ ಜೊತೆಗೆ ಎರಡು ಚಮಚ ಹುರಿದ ಕಡಲೆಬೀಜದ ಪುಡಿಯನ್ನೋ ಹುರಿಗಡಲೆ ಪುಡಿಯನ್ನೋ ಉದುರಿಸಿ ಕಲಸಿ. ಉಳಿದ ತೇವವನ್ನು ಪುಡಿ ಹೀರಿಕೊಳ್ಳುತ್ತದೆ, ರುಚಿಯೂ ಕೆಡುವುದಿಲ್ಲ.

ಎಳೆಗಳೆಲ್ಲ ತುಂಡುತುಂಡಾಗಿ ಬಂದಿದ್ದರೆ ನೂಡಲ್ಸ್ ಎಂಬ ಆಸೆಯನ್ನು ಅಂದಿಗೆ ಬಿಟ್ಟು, ಅವನ್ನು ನೆನೆಸಿದ ಹೆಸರುಬೇಳೆಯೊಂದಿಗೆ ಕೋಸಂಬರಿ ಮಾಡಬಹುದು. ಹೊಸ ಸಾಧನದಲ್ಲಿ, ನೇರವಾದ ಗಟ್ಟಿ ಕಾಯಿಯಲ್ಲಿಯೂ ಎಳೆ ಹರಿದೇ ಬರುತ್ತಿದ್ದರೆ ಬ್ಲೇಡು ಮೊಂಡಾಗಿದೆ. ಕೈ ಸಾಧನದ ಬ್ಲೇಡನ್ನು ಮನೆಯಲ್ಲಿ ಸಾಣೆ ಹಿಡಿಯಲಾಗದು, ಆದ್ದರಿಂದ ಅಂಗಡಿಗೆ ಹಿಂದಿರುಗಿಸುವುದೇ ಸರಿ.

ತೊಳೆಯುವುದು ಮತ್ತು ಎತ್ತಿಡುವುದು

ಸ್ಪೈರಲೈಸರನ್ನು ಊಟದ ನಂತರ ತೊಳೆದರಾಯಿತು ಎಂದು ಬಿಡಬಾರದು. ತರಕಾರಿಯ ರಸ ಒಣಗಿದರೆ ಬ್ಲೇಡಿನ ಸಂದಿಯಲ್ಲಿ ಕಚ್ಚಿಕೊಳ್ಳುತ್ತದೆ. ಎಳೆಗಳು ಉಪ್ಪಿನಲ್ಲಿ ಕುಳಿತಿರುವ 20 ನಿಮಿಷ ಇದಕ್ಕೆ ತಕ್ಕ ಸಮಯ. ನಲ್ಲಿಯ ಕೆಳಗೆ ಹಿಡಿದು, ಟೂತ್‌ಬ್ರಶ್‌ನಿಂದ ಒಳಗಿನಿಂದ ಹೊರಕ್ಕೆ, ಬ್ಲೇಡಿನ ಅಂಚಿಗೆ ಎದುರಾಗದಂತೆ ಉಜ್ಜಿ. ಕ್ಯಾರೆಟ್ಟಿನ ಬಣ್ಣ ಪ್ಲಾಸ್ಟಿಕ್ಕಿಗೆ ಹತ್ತಿದ್ದರೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿದರೆ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಮುಳ್ಳಿನ ಮುಚ್ಚಳವನ್ನು ಬಾಯಿಗೆ ಹಾಕಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಚಮಚಗಳ ಡ್ರಾಯರಿನೊಳಗೆ ಬ್ಲೇಡು ತೆರೆದಂತೆ ಬಿಡುವುದು ಅಪಾಯ.

ಹಸಿ ಎಳೆಗಳನ್ನು ಉಪ್ಪು ಹಾಕದೆ, ತಳದಲ್ಲಿ ಒಣ ಬಟ್ಟೆ ಹಾಸಿದ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಝುಕಿನಿ ಎರಡು ದಿನ, ಕ್ಯಾರೆಟ್ ನಾಲ್ಕು ದಿನ ತಡೆಯುತ್ತದೆ. ಸೌತೆಯನ್ನು ಅಂದಂದೇ ಬಳಸಬೇಕು. ಬಟ್ಟೆ ಒದ್ದೆಯಾದಾಗ ಬದಲಾಯಿಸಿ. ಎಳೆ ಮುಟ್ಟಿದರೆ ಲೋಳೆಯಾಗಿದ್ದರೆ ಅಥವಾ ಹುಳಿ ವಾಸನೆ ಬಂದರೆ ಎಸೆದುಬಿಡಿ. ಫ್ರೀಜರಿನಲ್ಲಿ ಝುಕಿನಿಯ ಎಳೆಯನ್ನು ಇಡಬೇಡಿ. ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಒಡೆದುಹಾಕುವುದರಿಂದ, ಕರಗಿದ ಮೇಲೆ ಅದು ಯಾವ ಉರಿಯಲ್ಲೂ ಮತ್ತೆ ಎಳೆಯಾಗಿ ನಿಲ್ಲುವುದಿಲ್ಲ.